ಪಾಯ, ಕಂಬಿ ಮತ್ತು ಅಗ್ಗದ ಕಂಪ್ಯೂಟರ್

ನಮ್ಮ ಕಡೆ ಹಣದ ಅನುಕೂಲ ಕಡಿಮೆಯಿರುವವರು ಮನೆ ಕಟ್ಟಿಸುವಾಗ ಕೆಳಗಿನ ಅಂತಸ್ತನ್ನಷ್ಟೇ ಮುಗಿಸಿ, ಮುಂದೆ ಮಹಡಿ ಏರಿಸಲೆಂದು ಕಂಬಗಳ ಕಂಬಿಗಳನ್ನು ತಾರಸಿಯ ಮೇಲೆ ಹಾಗೆಯೇ ಬಿಟ್ಟಿರುತ್ತಾರೆ. ನಾನೀಗ ನೆಲೆಸಿರುವ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಂಥ ಮನೆಗಳು ಕಣ್ಣಿಗೆ ಬೀಳುವುದಿಲ್ಲ. ಆದರೆ ಇದೇ ಊರಿನ ಏಕಾರ್ನ್ ಕಂಪನಿ 1983ರಲ್ಲಿ ಹೊರತಂದ ಎಲೆಕ್ಟ್ರಾನ್ ಎಂಬ ಹೋಮ್ ಕಂಪ್ಯೂಟರನ್ನು ನೋಡಿದಾಗಲೆಲ್ಲ ನನಗೆ ಆ ಕಂಬಿಗಳೇ ನೆನಪಾಗುತ್ತವೆ.

ಎಲೆಕ್ಟ್ರಾನ್‌ಗಿಂತ ಮೊದಲು ಅದೇ ಕಂಪನಿಯಿಂದ ಬಂದದ್ದು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯ ಮೂಲಕ ಭಾರತದ ಶಾಲೆಗಳಿಗೂ ಬಂದ ಈ ಯಂತ್ರದ ಬಿ ಮಾದರಿಗೆ ಇಲ್ಲಿ 399 ಪೌಂಡ್ ಬೆಲೆಯಿತ್ತು. ಪ್ರಿಂಟರ್, ಜಾಯ್‌ಸ್ಟಿಕ್, ಪ್ರಯೋಗಾಲಯದ ಉಪಕರಣ, ಎರಡನೆಯ ಪ್ರೊಸೆಸರ್, ಹೀಗೆ ಒಂದೊಂದಕ್ಕೂ ಪ್ರತ್ಯೇಕ ಜಾಗವಿತ್ತು. ಬಳಸಲಿ ಬಿಡಲಿ, ಕೊಂಡವರೆಲ್ಲರೂ ಅಷ್ಟಕ್ಕೂ ಹಣ ತೆರಬೇಕಿತ್ತು. 199 ಪೌಂಡಿನ ಎಲೆಕ್ಟ್ರಾನ್‌ನಲ್ಲಿ ಹತ್ತಾರು ಚಿಪ್‌ಗಳ ಕೆಲಸವನ್ನು ಯುಎಲ್‌ಎ ಎಂಬ ಒಂದೇ ಚಿಪ್‌ಗೆ ವಹಿಸಿ, ಆ ಸಾಕೆಟ್‌ಗಳನ್ನು ತೆಗೆದುಹಾಕಿದರು. ಆದರೆ ಪ್ರೊಸೆಸರ್ ಉಳಿದ ಭಾಗಗಳೊಡನೆ ವ್ಯವಹರಿಸುವ ವಿಳಾಸ ಮತ್ತು ದತ್ತಾಂಶದ ತಂತಿಗಳನ್ನು ಹಿಂಬದಿಯ ಒಂದು ಕನೆಕ್ಟರ್‌ಗೆ ತಂದು ಬಿಟ್ಟರು. ಆಮೇಲೆ ಬಂದ ಪ್ಲಸ್ 1 ಪೆಟ್ಟಿಗೆ ಪ್ರಿಂಟರ್, ಜಾಯ್‌ಸ್ಟಿಕ್ ಮತ್ತು ಎರಡು ಕಾರ್ಟ್ರಿಜ್‌ಗಳಿಗೆ ಎಡೆ ಕೊಟ್ಟಿತು. ಪ್ಲಸ್ 3 ಡಿಸ್ಕ್ ಡ್ರೈವ್ ಒದಗಿಸಿತು. ಬೇಕಾದವರು ಬೇಕಾದಾಗ ಕೊಳ್ಳಬಹುದಾದ ಈ ವ್ಯವಸ್ಥೆಯೇ ಬೆಲೆ ಇಳಿಸುವ ಸರಿಯಾದ ದಾರಿಯೆಂದು ನಾನು ದೃಢವಾಗಿ ನಂಬುತ್ತೇನೆ.

ಏಕಾರ್ನ್‌ನವರು ಎಡವಿದ್ದು ಪಾಯದಲ್ಲಿ. 32 ಕಿಲೋಬೈಟ್ ಮೆಮೊರಿಗೆ ನಾಲ್ಕೇ ಚಿಪ್‌ಗಳನ್ನು ಹಾಕಿದರು. ಒಂದೊಂದು ಚಿಪ್ ಒಮ್ಮೆಗೆ ಒಂದೇ ಬಿಟ್ ಕೊಡುವುದರಿಂದ ಎಂಟು ಬಿಟ್‌ಗಳ ಒಂದು ಬೈಟ್ ಓದಲು ಎರಡು ಸಲ ಹೋಗಬೇಕಾಯಿತು, ಹೆಚ್ಚು ವಿವರದ ಚಿತ್ರವಿರುವ ಮೋಡ್‌ಗಳಲ್ಲಂತೂ ಪರದೆಯ ಕೆಲಸ ಮುಗಿಯುವವರೆಗೆ ಪ್ರೊಸೆಸರ್ ಕಾದು ನಿಲ್ಲಬೇಕಾಯಿತು. ಜಾಯ್‌ಸ್ಟಿಕ್ ಇಲ್ಲದಿದ್ದರೆ ಆರು ತಿಂಗಳ ನಂತರ ಕೊಳ್ಳಬಹುದು, ಆದರೆ ಈ ನಿಧಾನಗತಿಯನ್ನು ಹಿಂದಿನಿಂದ ಪೆಟ್ಟಿಗೆ ಸಿಕ್ಕಿಸಿ ಸುಲಭವಾಗಿ ನೀಗಿಸಲಾಗದು. ಅಂಥವೇ ಎಂಟು ಚಿಪ್‌ಗಳಿದ್ದರೆ ವೇಗದ ಜೊತೆಗೆ 64 ಕಿಲೋಬೈಟ್ ಮೆಮೊರಿಯೂ ಸಿಗುತ್ತಿತ್ತು. ಬೆಲೆ ಏರುತ್ತಿತ್ತು, ನಿಜ. ಆದರೆ ಎದುರಾಳಿ ಕಂಪ್ಯೂಟರಾದ 48 ಕಿಲೋಬೈಟ್‌ನ ಸಿಂಕ್ಲೇರ್ ಸ್ಪೆಕ್ಟ್ರಮ್ ಆ ಹೊತ್ತಿಗೆ ಸುಮಾರು 130 ಪೌಂಡ್‌ಗೆ ಇಳಿದಿತ್ತು, ಬೆಲೆಯಲ್ಲಿ ಅದನ್ನು ಸರಿಗಟ್ಟುವುದು ಹೇಗೂ ಆಗುತ್ತಿರಲಿಲ್ಲ.

ಮನೆಯಲ್ಲಿ ಯಾರೂ ಬಳಸದ ಸೌಲಭ್ಯ ವ್ಯರ್ಥವೆನ್ನುವವರಿದ್ದಾರೆ. ಬಿಬಿಸಿ ಮೈಕ್ರೋದಲ್ಲಿ ಎರಡನೆಯ ಪ್ರೊಸೆಸರ್‌ಗೆಂದು ಇಟ್ಟಿದ್ದ ಟ್ಯೂಬ್ ಎಂಬ ಕನೆಕ್ಟರ್ ಅಂಥದ್ದೇ ಎನಿಸಬಹುದು. ಆದರೆ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಪ್ರೊಸೆಸರ್ 1985ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿದ್ದು ಆ ಟ್ಯೂಬ್ ಮೂಲಕ ಬಿಬಿಸಿ ಮೈಕ್ರೋಗೆ ಜೋಡಿಸಿಕೊಂಡೇ. ಇಂದು ನಮ್ಮ ಮೊಬೈಲ್‌ಗಳಲ್ಲಿರುವುದು ಅದರ ಸಂತತಿ.

ಇದೇ ಊರಿನ ರಾಸ್ಪ್‌ಬೆರಿ ಪೈ 400, 2020ರ ನವೆಂಬರ್‌ನಲ್ಲಿ 70 ಡಾಲರ್‌ಗೆ ಬಂತು. ಕೀಬೋರ್ಡಿನೊಳಗೇ ಕಂಪ್ಯೂಟರ್, ಹಿಂಬದಿಯಲ್ಲಿ ಹೊರಗಿನ ಉಪಕರಣಗಳನ್ನು ಜೋಡಿಸಲು 40 ಪಿನ್‌ಗಳು. ಆ ಪಿನ್‌ಗಳನ್ನು ಉಳಿಸಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ಬೋರ್ಡಿಗೆ ಬೆಸೆದ 4 ಜಿಬಿ ಮೆಮೊರಿಯನ್ನು ಹೆಚ್ಚಿಸುವಂತಿರಲಿಲ್ಲ, ಬೇರೆ ಮಾದರಿಯೂ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಕಂಪನಿಯ ಪೈ 4 ಬೋರ್ಡ್ 8 ಜಿಬಿಯಲ್ಲಿ ಬಂದಿತ್ತು. ಒಮ್ಮೆ ಕೊಂಡ ಯಂತ್ರದಲ್ಲಿ ಹತ್ತು ವರ್ಷ ಕಲಿಯಬೇಕಾದ ನಮ್ಮೂರಿನ ಮಕ್ಕಳಿಗಾಗಿ, ಇನ್ನಷ್ಟು ಡಾಲರ್ ಹೆಚ್ಚಾದರೂ ಪೈ 400ಕ್ಕೆ ಅಂಥದೊಂದು ಮಾದರಿ ಬೇಕಿತ್ತು.