ಸೀಲ್ ಇಲ್ಲದ ಡಿಸ್ಚಾರ್ಜ್

ರಾತ್ರಿ ಎರಡು ಗಂಟೆಗೆ 'ಡೆಕ್ಸ್ಟರ್' ಮುಗಿಸಿದೆ. ಸಿಟ್ಟಿಗೆ ನಿದ್ದೆಯೇ ಹತ್ತಲಿಲ್ಲ. 2013ರಲ್ಲೇ ಮುಗಿದ ಧಾರಾವಾಹಿ ಅದು, ನೋಡಿದವರೆಲ್ಲ ಆಗಲೇ ಬೈದು ಸುಸ್ತಾಗಿದ್ದಾರೆ. ನನ್ನದು ತಂಗಳು ಸಿಟ್ಟು. ಆದರೂ ಎಂಟು ಸೀಸನ್, 96 ಕಂತು! ಅಷ್ಟು ಹೊತ್ತಿನಲ್ಲಿ ಅಟ್ಟ ಕ್ಲೀನ್ ಮಾಡಬಹುದಿತ್ತು.

ಡೆಕ್ಸ್ಟರ್ ಮಯಾಮಿ ಪೊಲೀಸರ ಹತ್ತಿರ ರಕ್ತದ ಕಲೆ ನೋಡಿ ಕೊಲೆಯ ಜಾತಕ ಹೇಳುವವನು. ರಾತ್ರಿಯಾದರೆ ಕೊಲೆಗಾರರನ್ನೇ ಹುಡುಕಿ ಕೊಂದು, ಕಸದ ಚೀಲಕ್ಕೆ ತುಂಬಿ, ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಹಾಕುತ್ತಾನೆ. ಬಲು ನೀಟು. ನಮ್ಮ ಮನೆಯಲ್ಲಿ ಹಸಿಕಸ, ಒಣಕಸಕ್ಕೂ ಅಷ್ಟು ಶಿಸ್ತಿಲ್ಲ.

ಕೊನೆಯ ಕಂತಿನಲ್ಲಿ ತಂಗಿ ಡೆಬ್ರಾ ಆಸ್ಪತ್ರೆಯಲ್ಲಿ. ಅವಳಿಗೆ ಇನ್ನು ಪ್ರಜ್ಞೆ ಬರುವುದಿಲ್ಲ. ಹೊರಗೆ ಚಂಡಮಾರುತ. ಎಲ್ಲರೂ ಗಡಿಬಿಡಿಯಲ್ಲಿರುವಾಗ ಇವನು ಉಸಿರಾಟದ ಮೆಷಿನ್ ಆಫ್ ಮಾಡಿ, ಅವಳನ್ನು ಮಂಚದ ಸಮೇತ ತಳ್ಳಿಕೊಂಡು ಹೊರಟೇಬಿಡುತ್ತಾನೆ. ಒಬ್ಬರಾದರೂ ಕೇಳಬೇಕಲ್ಲ!

ಕಳೆದ ವರ್ಷ ಅತ್ತೆಗೆ ಡೆಂಗಿ. ಬೆಳಗ್ಗೆ ಹತ್ತಕ್ಕೆ ಡಾಕ್ಟರ್ "ಮನೆಗೆ ಹೋಗಬಹುದು" ಎಂದರು. ಬಿಲ್ಲಿಂಗಿನವರು ಫಾರ್ಮಸಿ ಕಡೆ ಕೈ ತೋರಿಸಿದರು. ಫಾರ್ಮಸಿಯವರು ವಾರ್ಡಿನಿಂದ ಫೈಲ್ ಬಂದಿಲ್ಲ ಎಂದರು. ಇನ್ಶೂರೆನ್ಸ್ ಹುಡುಗ ಊಟಕ್ಕೆ ಹೋದವನು ಟೀ ಮುಗಿಸಿಯೇ ಬಂದ. ಸಂಜೆ ಆರಕ್ಕೆ ಗೇಟಿಗೆ ಬಂದರೆ ಸೆಕ್ಯುರಿಟಿಯವನು, "ಪಾಸಿಗೆ ಸೀಲ್ ಬಿದ್ದಿಲ್ಲ, ಅಮ್ಮಾ." ಅತ್ತೆ ವೀಲ್‌ಚೇರಲ್ಲಿ, ಮಡಿಲಲ್ಲಿ ಫ್ಲಾಸ್ಕು. ಚಂಡಮಾರುತವೇ ಬಂದಿದ್ದರೂ ಅವನು ಮೊದಲು ಸೀಲ್ ಕೇಳುತ್ತಿದ್ದ.

ಡೆಕ್ಸ್ಟರ್ ಇಷ್ಟು ಸಲೀಸಾಗಿ ಕರೆದೊಯ್ದ ತಂಗಿಯನ್ನು ಹಾಕಿದ್ದೆಲ್ಲಿಗೆ? ಆ ಕಸದ ಚೀಲಗಳ ಸಮುದ್ರಕ್ಕೇ! ಪುಟ್ಟ ಮಗನನ್ನು ಬಿಟ್ಟದ್ದು ಯಾರ ಹತ್ತಿರ? ವಿಷವಿಕ್ಕಿ ಕೊಂದು ಅಭ್ಯಾಸವಿರುವ ಹೆಂಗಸಿನ ಹತ್ತಿರ. ಟಿವಿ ಜಾಸ್ತಿ ತೋರಿಸುತ್ತಾರೆ ಅಂತ ನಾವು ಮಗುವನ್ನು ಪಕ್ಕದ ಮನೆಗೇ ಕಳಿಸುತ್ತಿರಲಿಲ್ಲ, ಅಲ್ವಾ? ಆಮೇಲೆ ದೋಣಿಯನ್ನು ಬಿರುಗಾಳಿಗೆ ನುಗ್ಗಿಸಿದ. ಸತ್ತನಲ್ಲಪ್ಪಾ ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡೆ. ಎಲ್ಲಿ ಸತ್ತ? ಗಡ್ಡ ಬಿಟ್ಟುಕೊಂಡು ಯಾವುದೋ ಊರಲ್ಲಿ ಮರ ಕಡಿಯುವ ಕೆಲಸಕ್ಕೆ ಸೇರಿದ್ದಾನೆ! ಒಂದು ಮಾತಿಲ್ಲ. ಸುಮ್ನೆ ನಮ್ಮ ಮುಖ ನೋಡುತ್ತಾನೆ. ನನ್ನ ಕಣ್ಣೀರು ವಾಪಸ್ ಕೊಡುವವರು ಯಾರು?

ಮಗಳು ಹಾಸ್ಟೆಲಿಗೆ ಹೋದ ವಾರ ಇದನ್ನು ಶುರು ಮಾಡಿದ್ದೆವು. ಒಂಬತ್ತೂವರೆಯಾದರೆ ಮನೆ ಭಣಗುಟ್ಟುತ್ತಿತ್ತು. ನಮ್ಮವರು ಹತ್ತನೇ ನಿಮಿಷಕ್ಕೆ ಗೊರಕೆ ಹೊಡೆದರೂ ಪಕ್ಕದಲ್ಲಿ ಒಂದು ಸದ್ದು ಇರುತ್ತಿತ್ತು. ಇವತ್ತು ರಾತ್ರಿ ಏನು ನೋಡುವುದೋ.

ಬೆಳಗ್ಗೆ ಒಲೆಯ ಮುಂದೆ ನಿಂತಿದ್ದಾಗ ಕೇಳಿದರು: "ಕೊನೆಗೆ ಅವನೇನಾದ?"

"ಮರ ಕಡೀತಿದ್ದಾನೆ."

"ಯಾಕೆ?"

ಉತ್ತರ ಹೇಳಲು ತಿರುಗಿದೆ. ಹಾಲು ಉಕ್ಕಿದ್ದು ಆಗಲೇ.