ಚಿತ್ರದಲ್ಲಿ ಕಾಣುವ ಅಕ್ಷರ ಬರೆಯಿರಿ

ಗದಗಿನ ನಮ್ಮ ಸಂಗೀತ ಮಾಸ್ತರು ಮೊನ್ನೆ ಫೋನ್ ಮಾಡಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಅಂಗವಿಕಲರ ಪಾಸ್‌ಗೆ ಆನ್‌ಲೈನ್ ಅರ್ಜಿ. ಹೆಸರು, ವಿಳಾಸ, ಆಧಾರ್ ಎಲ್ಲವನ್ನೂ ಮೊಬೈಲಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕೇಳಿಕೊಂಡು ತಾವೇ ತುಂಬಿದ್ದಾರೆ. ಕೊನೆಗೆ ಬಂತು ಕ್ಯಾಪ್ಚಾ. ಚಿತ್ರದಲ್ಲಿ ಕಾಣುವ ಅಕ್ಷರ ಬರೆಯಬೇಕಂತೆ.

"ತಮ್ಮಾ, ನನಗ ಕಾಣಂಗಿಲ್ಲ ಅಂತನ ಅರ್ಜಿ ಹಾಕಾಕತ್ತೀನಿ. ಇದು ಏನ್ ಕಾಣತೈತಿ ಹೇಳು ಅಂತೈತಿ!"

ಅವರೇ ನಕ್ಕಿದ್ದರಿಂದ ನಾನೂ ನಕ್ಕೆ.

ಆದರೂ ಇಲಾಖೆಯವರಿಗೆ ಕಾಳಜಿ ಇಲ್ಲ ಅನ್ನಬೇಡಿ. ವೆಬ್‌ಸೈಟಿನ ತಲೆಯ ಮೇಲೆ 'ಸ್ಕ್ರೀನ್ ರೀಡರ್ ಆಕ್ಸೆಸ್' ಅಂತ ಲಿಂಕ್ ಇದೆ. ಒತ್ತಿ ನೋಡಿದೆ. ಟಾಕ್‌ಬ್ಯಾಕ್‌ನಂತೆ ಪರದೆ ಓದುವ ತಂತ್ರಾಂಶಗಳ ಒಂದು ಪಟ್ಟಿ. ಎನ್‌ವಿಡಿಎ, ಉಚಿತ. ಜಾಸ್, ದುಡ್ಡು ಕೊಡಬೇಕು. ಅಲ್ಲಿಗೆ ಮುಗೀತು. ಸ್ಕ್ರೀನ್ ರೀಡರ್ ಇದ್ದವರಿಗೆ ಆ ಪಟ್ಟಿ ಬೇಡ, ಇಲ್ಲದವರಿಗೆ ಅದನ್ನು ಓದಲು ಆಗಲ್ಲ. ಊರಿಗೆ ಬರುವ ದಾರಿಯನ್ನು ಊರೊಳಗಿನ ಗುಡಿ ಗೋಡೆ ಮೇಲೆ ಬರೆದಿಟ್ಟ ಹಾಗೆ.

ಸುತ್ತೋಲೆ ಮಾತ್ರ ಅಚ್ಚ ಕನ್ನಡದಲ್ಲಿದೆ, ಸಂತೋಷ. ಆದರೆ ಅದು ಸೊಟ್ಟಗೆ ಸ್ಕ್ಯಾನ್ ಮಾಡಿದ ಪಿಡಿಎಫ್. ಟಾಕ್‌ಬ್ಯಾಕ್ ಪಾಲಿಗೆ ಅದು ಅಕ್ಷರವಲ್ಲ, ಫೋಟೊ. ಇನ್ನು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನದಾದರೆ ಅದು ಏನೇನೋ ಗೊಣಗುತ್ತೆ. ಮಾಸ್ತರು ಒಮ್ಮೆ ನನಗೂ ಕೇಳಿಸಿ, "ಇದು ಯಾವ ರಾಗ ಹೇಳು ನೋಡೋಣ" ಅಂದಿದ್ದರು.

ಗದಗ ಅಂದರೆ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ಊರು. ತಮಗೇ ಕಣ್ಣಿಲ್ಲದೆ, ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದವರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಆಗ ಅದಕ್ಕೆ ಕ್ಯಾಪ್ಚಾ ಇರಲಿಲ್ಲ ಅಂತ ಕಾಣುತ್ತೆ.

ನಾವು ಹುಬ್ಬಳ್ಳಿಯವರು ಬೀಗರು ಬಂದಾಗಲೆಲ್ಲ ನಮ್ಮ 1,507 ಮೀಟರ್ ಪ್ಲಾಟ್‌ಫಾರ್ಮಿನ ಸುದ್ದಿ ತೆಗೆಯುತ್ತೇವೆ. ಜಗತ್ತಿನಲ್ಲೇ ಉದ್ದದ್ದು, ಸುಮ್ನೆ ಅಲ್ಲ. ಅಷ್ಟುದ್ದ ಸಿಮೆಂಟ್ ಹಾಕಲು ಬಂದ ನಮಗೆ ವೆಬ್‌ಸೈಟಿನ ಒಂದು ಬಟನ್‌ಗೆ ಹೆಸರಿಡಲು ಬರಲ್ಲ ಅಂದರೆ ನಂಬಬೇಕಾ? ಮಾಸ್ತರು ಕ್ಯಾಪ್ಚಾವನ್ನು ಪಕ್ಕದ ಮನೆ ಹುಡುಗಿಯಿಂದ ಓದಿಸಿ ದಾಟಿದರು. ಮುಂದೆ ಟಾಕ್‌ಬ್ಯಾಕ್ "ಬಟನ್" ಅಂತು. ಬೆರಳು ಸರಿಸಿದರೆ ಮತ್ತೆ "ಬಟನ್". ಎರಡರಲ್ಲಿ ಯಾವುದು 'ಸಲ್ಲಿಸಿ', ಯಾವುದು 'ಅಳಿಸಿ'? ಒಂದನ್ನು ಒತ್ತಿದರು. ಅಳಿಸಿತು.

ಸಾಕಾಗಿದೆ ನನಗೆ. 2016ರಲ್ಲೇ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆ. ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯೊಳಗೇ ಬರುತ್ತೆ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಟನ್‌ಗೆ ಹೆಸರಿಡಲು ಕೋಡಿನಲ್ಲಿ ಒಂದು ಸಾಲು ಸಾಕು. ಒಂದೇ ಸಾಲು. ಅದನ್ನು ಬರೆಯದೆ ಬಿಟ್ಟವನಿಗೆ ಬಿಲ್ ಪಾಸಾಗಿದೆ, ಮಾಸ್ತರಿಗೆ ಪಾಸ್ ಸಿಕ್ಕಿಲ್ಲ.

ಮರುದಿನ ಅವರು ತಹಶೀಲ್ದಾರ್ ಕಚೇರಿ ಎದುರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಹುಡುಗನ ಕೈಗೆ 100 ರೂಪಾಯಿ ಕೊಟ್ಟರು. ಓಟಿಪಿ ಬಂತು. ಟಾಕ್‌ಬ್ಯಾಕ್ ಆರೂ ಅಂಕಿಗಳನ್ನು ಅಂಗಡಿ ತುಂಬ ಕೇಳುವ ಹಾಗೆ ಒಂದೊಂದಾಗಿ ಓದಿ, ಇದನ್ನು ಯಾರಿಗೂ ಹೇಳಬೇಡಿ ಅಂತು.