ಊರು ಬಿಟ್ಟು ಊರಿಗೆ ಹೋಗಿ ಕತ್ತು ಹಿಸುಕಿಸಿಕೊಳ್ಳುವ ಶಿಷ್ಟಾಚಾರ

ಕತ್ತು ಹಿಸುಕಿಸಿಕೊಳ್ಳುವುದಕ್ಕೂ ಅರ್ಜಿ ತುಂಬಬೇಕು ಅಂತ ಐದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಪೆನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.

ನಾನು ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯುವವನು. ನೆಲಕ್ಕೆ ಕೆಡವಿ, ಕತ್ತು ಹಿಸುಕಿ, ಕೈಕಾಲು ತಿರುಚಿ ಎದುರಿನವನಿಂದ ಸೋಲೊಪ್ಪಿಸುವ ಒಂದು ಥರದ ಕುಸ್ತಿ ಅದು. ನೀಲಿ ಬೆಲ್ಟು. ಅಂದರೆ ಬಿಳಿ ಬೆಲ್ಟಿನವರಿಗೆ ಬುದ್ಧಿ ಹೇಳುವಷ್ಟು ಗೊತ್ತು, ನೇರಳೆ ಬೆಲ್ಟಿನವರ ಕೈಗೆ ಸಿಕ್ಕರೆ ಏನೂ ಗೊತ್ತಿಲ್ಲ. ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಸಂಜೆ ರೂಮಿನಲ್ಲಿ ಸುಮ್ನೆ ಗೋಡೆ ನೋಡುತ್ತಾ ಕೂರುವ ಬದಲು ಅಲ್ಲಿನ ಅಕಾಡೆಮಿಗೆ ಹೋಗಿ ನಾಲ್ಕು ರೌಂಡು ಆಡಿ ಬರೋಣ ಅನ್ನುವ ಆಸೆ. ಈ ಕಲೆಯ ಚಂದವೇ ಅದು. ಭಾಷೆ ಬಾರದ ಊರಲ್ಲೂ ಎದುರಿನವನ ತೋಳಿನ ಮೇಲೆ ಎರಡು ಸಲ ತಟ್ಟಿದರೆ ಅವನಿಗೆ ಅರ್ಥವಾಗುತ್ತದೆ: ಸಾಕಪ್ಪ, ಬಿಡು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತ ನಮ್ಮ ಗಾದೆ. ಬರಬಹುದು. ಈಗಿನ ಅಕಾಡೆಮಿಗಳು ಅದಕ್ಕೊಂದು ಸಾಲು ಸೇರಿಸಿವೆ: ಕೊಡ ಮಾತ್ರ ನಮ್ಮಲ್ಲೇ ಕೊಳ್ಳಬೇಕು.

ಕಳೆದ ಸಲ ಹೋದ ಅಕಾಡೆಮಿಯ ಕತೆ ಹೇಳುತ್ತೇನೆ. ಹೀಗೆ ಒಂದೆರಡು ದಿನಕ್ಕೆ ಬಂದು ಆಡಿ ಹೋಗುವವನಿಗೆ ಡ್ರಾಪ್-ಇನ್ ಅಂತ ಹೆಸರು. ಬಾಗಿಲಲ್ಲೇ ಮೇಜು, ಮೇಜಿನ ಹಿಂದೆ ಒಬ್ಬ ಹುಡುಗ. ಬೆನ್ನಿಗಿದ್ದ ಬ್ಯಾಗಿನಲ್ಲಿ ನನ್ನ ಗೀ ಇತ್ತು, ಅಂದರೆ ಆಡುವಾಗ ಹಾಕುವ ದಪ್ಪ ಬಟ್ಟೆಯ ಅಂಗಿ-ಪ್ಯಾಂಟು. ಬ್ಯಾಗು ನೋಡಿದವನೇ ಹುಡುಗ ಕೇಳಿದ.

"ಡ್ರಾಪ್-ಇನ್ನಾ ಸರ್?"

"ಹೌದು, ಇವತ್ತೊಂದು ದಿನ."

"ಗೀ ಯಾವ ಬಣ್ಣ ಸರ್?"

"ನೀಲಿ."

ಅವನ ಮುಖ ಸಣ್ಣಗಾಯಿತು. ಯಾರದೋ ಸಾವಿನ ಸುದ್ದಿ ಕೇಳಿದ ಹಾಗೆ. "ಇಲ್ಲಿ ಬಿಳಿ ಮಾತ್ರ ಸರ್."

ಈ ಆಟದ ಪಂದ್ಯಗಳನ್ನು ನಡೆಸುವ ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್. ಅವರ ನಿಯಮದಲ್ಲಿ ಬಿಳಿ, ನೀಲಿ, ಕಪ್ಪು ಮೂರೂ ನಡೆಯುತ್ತವೆ. ಅಂದರೆ ನನ್ನ ನೀಲಿ ಗೀ ಹಾಕಿಕೊಂಡು ವಿಶ್ವ ಚಾಂಪಿಯನ್‌ಷಿಪ್‌ಗೆ ಇಳಿಯಬಹುದು. ಆದರೆ ಬುಧವಾರ ಸಂಜೆ ಏಳು ಗಂಟೆ ಬ್ಯಾಚಿಗೆ ಇಳಿಯುವ ಹಾಗಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. ಅವನು ತುಂಬ ಮರ್ಯಾದೆಯಿಂದ ಪಕ್ಕದ ಗಾಜಿನ ಕಪಾಟಿನ ಕಡೆ ಕೈ ತೋರಿಸಿದ. ಒಳಗೆ ಬಿಳಿ ಗೀಗಳು ಮಡಿಚಿಕೊಂಡು ಕೂತಿದ್ದವು. ಎದೆಯ ಮೇಲೆ ಹಲ್ಲು ಕಿರಿದ ತೋಳ, ಬೆನ್ನ ಮೇಲೆ ಅದೇ ತೋಳ, ತೊಡೆಯ ಮೇಲೆ ಅದರ ಮರಿ.

"ಬಾಡಿಗೆಗೆ ಸಿಗಲ್ವಾ?"

"ಇಲ್ಲ ಸರ್. ಹೈಜೀನ್."

ಆ ಉತ್ತರ ಕೊಟ್ಟಿದ್ದು, ಇಪ್ಪತ್ತು ಜನ ಒಬ್ಬರ ಬೆವರನ್ನು ಇನ್ನೊಬ್ಬರ ಕಣ್ಣಿಗೆ ಸುರಿಯುವ ಜಾಗದಲ್ಲಿ. ಇರಲಿ. ತಗೊಂಡೆ. ಗೀ ಒಳಗೆ ಹಾಕುವ, ಮೈಗಂಟುವ ಬನಿಯನ್ನಿನಂಥ ರ‍್ಯಾಶ್‌ಗಾರ್ಡೂ ಅವರದೇ ಆಗಬೇಕಂತೆ. ಅದನ್ನೂ ತಗೊಂಡೆ. ಬೆಲ್ಟ್ ಮಾತ್ರ ನನ್ನದನ್ನೇ ಕಟ್ಟಿಕೊಳ್ಳಲು ಬಿಟ್ಟರು. ಅದೂ ಅನುಮಾನದಿಂದ.

ಆಮೇಲೆ ಬಂತು ಫಾರ್ಮು. ಅದರ ಭಾಷೆ ಬಹಳ ನೇರ. ಕೈ ಮುರಿದರೆ ನಾವು ಹೊಣೆಯಲ್ಲ. ಕತ್ತು ಉಳುಕಿದರೆ ಹೊಣೆಯಲ್ಲ. ಸತ್ತರೆ ಹೊಣೆಯಲ್ಲ. ನಮ್ಮ ತಪ್ಪಿನಿಂದಲೇ ಸತ್ತರೂ ಹೊಣೆಯಲ್ಲ. ಬ್ಯಾಗು ಕಳೆದುಹೋದರಂತೂ ಕೇಳಲೇಬೇಡಿ. ಪ್ರತಿ ಸಾಲಿನ ಮುಂದೆ ಸಣ್ಣ ಸಹಿ, ಕೊನೆಗೊಂದು ದೊಡ್ಡ ಸಹಿ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಕಡೆ ಹೆಂಡತಿಯ ನಂಬರ್ ಬರೆದೆ. ಅವಳಿಗೆ ನಾನು ಮೀಟಿಂಗಿನಲ್ಲಿದ್ದೇನೆ ಅಂತ ಹೇಳಿದ್ದು ನೆನಪಾಯಿತು. ಅದನ್ನು ಹೊಡೆದುಹಾಕಿ ಅಣ್ಣನ ನಂಬರ್ ಬರೆದೆ.

ಕೊನೆಯ ಪುಟದಲ್ಲಿ ಎರಡು ಪ್ರಶ್ನೆ. ನಿಮ್ಮ ಪ್ರೊಫೆಸರ್ ಯಾರು? ಇಲ್ಲಿಗೆ ಬಂದಿರುವುದು ಅವರಿಗೆ ಗೊತ್ತಾ?

ಒಂದು ಮಾತು. ಪೋರ್ಚುಗೀಸಿನಲ್ಲಿ ಪ್ರೊಫೆಸರ್ ಅಂದರೆ ಮೇಷ್ಟ್ರು, ಅಷ್ಟೇ. ಒಂದನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಡುವವರೂ ಅಲ್ಲಿ ಪ್ರೊಫೆಸರೇ. ಆ ಪದ ಬ್ರೆಜಿಲ್ ದಾಟಿ ಬರುವಷ್ಟರಲ್ಲಿ ಅದಕ್ಕೆ ಪಿಎಚ್‌ಡಿ ಅಂಟಿಕೊಂಡಿದೆ. ಕಾಲು ಹಿಡಿದು ತಿರುಚುವುದನ್ನು ಕಲಿಸುವವರನ್ನು ಪ್ರೊಫೆಸರ್ ಅಂತ ಕರೆದು ತಲೆ ಬಗ್ಗಿಸುವ ಎಷ್ಟೋ ಜನ, ತಮಗೆ ಅಕ್ಷರ ಕಲಿಸಿದವರನ್ನು ರಸ್ತೆಯಲ್ಲಿ ಕಂಡರೆ ಗುರುತೂ ಹಿಡಿಯುವುದಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೇನೆ ಬಿಡಿ.

ಒಳಗೆ ಕಪ್ಪು ಬೆಲ್ಟಿನ ಪ್ರೊಫೆಸರ್ ಕಾಯುತ್ತಿದ್ದರು. ಕೈ ಕುಲುಕಿ ಕೇಳಿದರು, "ಯಾರ ಕೆಳಗೆ?" ನಮ್ಮ ಗುರುಗಳ ಹೆಸರು ಹೇಳಿದೆ. "ಅವರು ಯಾರ ಕೆಳಗೆ?" ಹೇಳಿದೆ. "ಅವರು?" ಅಲ್ಲಿಗೆ ನನ್ನ ಪ್ರವರ ಮುಗಿಯಿತು. ಅವರದು ಶುರುವಾಯಿತು. ಅವರ ಗುರು, ಗುರುವಿನ ಗುರು, ಹಾಗೇ ಬ್ರೆಜಿಲಿನಲ್ಲಿ ಈ ಕಲೆ ಬೆಳೆಸಿದ ಗ್ರೇಸಿ ಮನೆತನದವರೆಗೆ. ನಡುವೆ ನಾನು ರಾಯ್ಸ್ ಗ್ರೇಸಿ ಅಂದೆ. "ಹಾಯ್ಸ್," ಅಂತ ತಿದ್ದಿದರು. ಬ್ರೆಜಿಲಿನ ಪೋರ್ಚುಗೀಸಿನಲ್ಲಿ ಮೊದಲಕ್ಷರದ ರಕಾರ ಹಕಾರದ ಹಾಗೆ ಕೇಳುತ್ತದೆ, ಅದು ನಿಜ. 1993ರಲ್ಲಿ, ಬೇರೆ ಬೇರೆ ಕಾಳಗ ಕಲೆಯವರನ್ನು ಒಂದೇ ಪಂಜರಕ್ಕೆ ಇಳಿಸಿದ ಮೊದಲ ಯುಎಫ್‌ಸಿಯಲ್ಲಿ ಆ ಮನುಷ್ಯ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದಕ್ಕೇ ಈ ಕಲೆ ಊರೂರಿಗೆ ಹಬ್ಬಿದ್ದು ಅನ್ನುವುದೂ ನಿಜ. ಸಣಕಲ ಅಂತ ಜನ ನಗುತ್ತಿದ್ದವನು ತನಗಿಂತ ದಪ್ಪಗಿದ್ದವರ ಕೈಲಿ ನೆಲ ತಟ್ಟಿಸಿದ. ಅವತ್ತು ಅವನ ಗೀ ಬಿಳಿ. ಆ ನಿಯಮ ಅಲ್ಲಿಂದಲೇ ಬಂತೋ ಏನೋ.

ಆದರೆ ಈ ಪ್ರವರವನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಎಳೆದರೆ ಮಜಾ ಇರುವುದು. ತುದಿಯಲ್ಲಿ ಸಿಗುವವನು ಮಿತ್ಸುಯೊ ಮಾಯೆದಾ. ಜಪಾನಿನವನು, ಕೊಡೊಕಾನ್ ಅನ್ನುವ ಜೂಡೋದ ಮೂಲ ಶಾಲೆಯಲ್ಲಿ ಕಲಿತವನು. 1904ರಲ್ಲಿ ಊರು ಬಿಟ್ಟ. ಅಮೆರಿಕ, ಬ್ರಿಟನ್, ಸ್ಪೇನ್, ಕ್ಯೂಬಾ, ಮೆಕ್ಸಿಕೊ ಅಂತ ಸುತ್ತಿದ. ಸಿಕ್ಕ ಸಿಕ್ಕ ಕುಸ್ತಿ ಪೈಲ್ವಾನರ ಜೊತೆ ದುಡ್ಡಿಗಾಗಿ ಆಡಿದ. ಸ್ಪೇನಿನಲ್ಲಿ ಕೋಂಡೆ ಕೋಮಾ ಅನ್ನುವ ಹೆಸರಿಟ್ಟುಕೊಂಡ. ಜಪಾನಿ ಭಾಷೆಯಲ್ಲಿ ಕೋಮಾರು ಅಂದರೆ ತೊಂದರೆಯಲ್ಲಿರುವುದು, ಆ ಹೆಸರು ಅಲ್ಲಿಂದಲೇ ಬಂತು ಅಂತ ಹೇಳುವುದುಂಟು. ಕೋಂಡೆ ಅಂದರೆ ಜಮೀನ್ದಾರನಂಥ ಪದವಿ. ಒಟ್ಟಿನಲ್ಲಿ ತೊಂದರೆಪುರದ ದೊರೆ. 1914ರಲ್ಲಿ ಬ್ರೆಜಿಲ್ ಮುಟ್ಟಿದ, ಬೆಲೆಂ ಅನ್ನುವ ಊರಲ್ಲಿ ನೆಲೆ ನಿಂತ. ಅಲ್ಲಿ ಕಾರ್ಲೋಸ್ ಗ್ರೇಸಿ ಅನ್ನುವ ಹುಡುಗ ಅವನ ವಿದ್ಯೆ ಕಲಿತ. ಅವನಿಂದ ತಮ್ಮಂದಿರು, ತಮ್ಮಂದಿರಿಂದ ಮಕ್ಕಳು, ಮಕ್ಕಳಿಂದ ಈ ತೋಳದ ಚಿತ್ರದವರೆಗೆ.

ಅಂದರೆ ಈ ಇಡೀ ಕಲೆ ಹುಟ್ಟಿದ್ದೇ ಒಬ್ಬ ಡ್ರಾಪ್-ಇನ್‌ನಿಂದ. ಊರೂರು ಅಲೆಯುತ್ತಾ ಕಂಡವರ ಜೊತೆ ಆಡಿದವನಿಂದ. ಅವನೇ ಇವತ್ತು ಈ ಮೇಜಿನ ಮುಂದೆ ಬಂದು ನಿಂತರೆ?

"ಯಾವ ಟೀಮು ಸರ್?"

"ಕೊಡೊಕಾನ್."

"ಅದು ನಮ್ಮ ಲಿಸ್ಟಿನಲ್ಲಿಲ್ಲ ಸರ್. ಬಿಗಿನರ್ಸ್ ಬ್ಯಾಚು ಗುರುವಾರ. ಗೀ ಇಲ್ಲೇ ಸಿಗುತ್ತೆ."

ಹೋಗಲಿ, ಮ್ಯಾಟಿಗೆ ಬರೋಣ. ಬೆಲ್ಟಿನ ಪ್ರಕಾರ ಸಾಲಾಗಿ ನಿಲ್ಲಬೇಕು. ನಾನು ನೀಲಿಯವರ ಸಾಲಿನಲ್ಲಿ ನಿಂತೆ. ಒಬ್ಬ ಬಂದು ಮೆಲ್ಲಗೆ, "ಗೆಸ್ಟ್ ಕೊನೆಗೆ ನಿಲ್ಲಬೇಕು" ಅಂದ. ಕೊನೆಗೆ ಹೋದೆ. ಬೆಲ್ಟು ನೋಟಿದ್ದ ಹಾಗೆ. ನಮ್ಮೂರಲ್ಲಿ ಪೂರ್ತಿ ಬೆಲೆ, ಗಡಿ ದಾಟಿದರೆ ಅವರು ಕೊಟ್ಟಷ್ಟು. ನೀಲಿಯಲ್ಲಿ ಕಡಿಮೆ ಅಂದರೂ ಎರಡು ವರ್ಷ ಸವೆಸದೆ ನೇರಳೆ ಕೊಡುವ ಹಾಗಿಲ್ಲ ಅಂತ ನಿಯಮ. ನಾನು ಮೂರು ವರ್ಷ ಸವೆಸಿದ್ದೇನೆ. ಆದರೂ ಇಲ್ಲಿ ಎಲ್ಲರೂ ನನ್ನ ಬೆಲ್ಟನ್ನು ಬೆಳಕಿಗೆ ಹಿಡಿದು ಒಳಗೆ ದಾರ ಇದೆಯಾ ಅಂತ ನೋಡುವವರ ಹಾಗೆ ನೋಡುತ್ತಿದ್ದರು.

ಪ್ರೊಫೆಸರ್ ಏನೋ ಹೇಳಿದರು. ಎಲ್ಲರೂ "ಓಸ್!" ಅಂದರು. ಜಪಾನಿನ ಕರಾಟೆಯವರ ಮಾತು, ಬ್ರೆಜಿಲಿನ ಕಲೆಗೆ ಬಂದು ಸೇರಿಕೊಂಡಿದೆ. ಹೌದು, ಆಗಲಿ, ಗೊತ್ತಾಯಿತು, ಗೊತ್ತಾಗಲಿಲ್ಲ, ನೀರು ಕುಡಿದು ಬರಲಾ, ಎಲ್ಲಕ್ಕೂ ಓಸ್. ನಾನೂ ಓಸ್ ಅಂದೆ. ಸ್ವಲ್ಪ ಮೆಲ್ಲಗಾಯಿತು ಅಂತ ಪಕ್ಕದವನು ತಿರುಗಿ ನೋಡಿದ.

ಆಮೇಲೆ ರೋಲಿಂಗ್, ಅಂದರೆ ಜೋಡಿಯಾಗಿ ಆಡುವ ಅಭ್ಯಾಸದ ಕಾಳಗ. ಮೊದಲ ರೌಂಡಿಗೆ ನನ್ನ ಮುಂದೆ ಕೂತವನು ಇಪ್ಪತ್ತೆರಡರ ಬಿಳಿ ಬೆಲ್ಟು. ಕತ್ತು ಅನ್ನುವುದು ಅವನಿಗೆ ಇರಲೇ ಇಲ್ಲ, ಭುಜದ ಮೇಲೆ ನೇರ ತಲೆ. ಕೈ ತಟ್ಟಿ, ಮುಷ್ಟಿ ತಾಗಿಸಿ, ನಗುತ್ತಾ ಅಂದ, "ಸುಮ್ನೆ ಲೈಟಾಗಿ ಆಡೋಣ ಸರ್."

ಜಿಯು-ಜಿತ್ಸು ಮಾತಾಡುವ ಯಾವ ಭಾಷೆಯಲ್ಲೇ ಆಗಲಿ, ಇದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. ಗಂಟೆ ಬಾರಿಸಿದ್ದೇ ತಡ, ಕೋಟೆಗೆ ನುಗ್ಗಿದ ಶತ್ರುವನ್ನು ಅಟ್ಟುವವನ ಹಾಗೆ ಮೇಲೆ ಬಿದ್ದ. ಮೊಣಕೈ ನನ್ನ ದವಡೆಯ ಮೇಲೆ, ಮಂಡಿ ಹೊಟ್ಟೆಯ ಮೇಲೆ. ಉಸಿರಾಟ ನೋಡಿದರೆ ಮೂರು ಮಹಡಿ ಹತ್ತಿ ಬಂದವನ ಹಾಗೆ. ಅವನ ಹೊಸ ಗೀಯ ಕಾಲರು ಉಪ್ಪುಕಾಗದದ ಥರ ನನ್ನ ಗಲ್ಲ ಉಜ್ಜುತ್ತಿತ್ತು. ಅತಿಥಿಯ ಕಷ್ಟ ಇಲ್ಲೇ ಇರುವುದು. ಗೆದ್ದರೆ ಕೊಬ್ಬು, ಸೋತರೆ ಡೂಪ್ಲಿಕೇಟ್ ಬೆಲ್ಟು. ನಾನು ನಡುದಾರಿ ಹಿಡಿದೆ. ಐದು ನಿಮಿಷ ಅವನನ್ನು ಕಾಲುಗಳ ನಡುವೆ ಕಟ್ಟಿಹಾಕಿಕೊಂಡು ಸುಮ್ಮನೆ ಮಲಗಿದೆ. ರೌಂಡು ಮುಗಿದ ಮೇಲೆ ಅವನು ಎದ್ದು ಕೈ ಕುಲುಕಿ, "ನಿಮ್ಮ ಕಡೆ ಸ್ವಲ್ಪ ಡಿಫೆನ್ಸ್ ಜಾಸ್ತಿ ಅಲ್ವಾ ಸರ್?" ಅಂದ.

ಎರಡನೇ ರೌಂಡಿನಲ್ಲಿ ಪಕ್ಕದ ಜೋಡಿಗೆ ಡಿಕ್ಕಿ ಹೊಡೆದೆವು. ಕಡಿಮೆ ಬೆಲ್ಟಿನವರು ಜಾಗ ಬಿಡಬೇಕು ಅಂತ ಪದ್ಧತಿ. ಆ ಜೋಡಿಯಲ್ಲಿದ್ದವರು ಇಬ್ಬರೂ ಬಿಳಿ. ಜಾಗ ಬಿಟ್ಟವನು ನಾನು. ಯಾರೂ ಹೇಳಲಿಲ್ಲ, ಆದರೆ ಎಲ್ಲರೂ ನೋಡಿದರು.

ಇಷ್ಟೆಲ್ಲ ಯಾಕೆ ಅಂದರೆ ನಿಷ್ಠೆ. ಒಂದು ಅಕಾಡೆಮಿ ಬಿಟ್ಟು ಇನ್ನೊಂದಕ್ಕೆ ಹೋದವನಿಗೆ ಈ ಲೋಕದಲ್ಲಿ ಒಂದು ಬೈಗುಳ ಇದೆ: ಕ್ರಿಯೋಂಟೆ. ಜನ ಇದನ್ನು ಹೇಳುವಾಗ ದನಿ ಇಳಿಸುತ್ತಾರೆ, ಹಳೆಯ ಸಮುರಾಯಿಗಳ ಶಾಪವೋ ಏನೋ ಅನ್ನಿಸಬೇಕು. ನಿಜದಲ್ಲಿ ಅದು ಬ್ರೆಜಿಲಿನ ಒಂದು ಟಿವಿ ಧಾರಾವಾಹಿಯ ಪಾತ್ರದ ಹೆಸರು. ಕಾರ್ಲ್ಸನ್ ಗ್ರೇಸಿ ಅನ್ನುವ ದೊಡ್ಡ ಗುರು ಅದನ್ನು ಚಾಲ್ತಿಗೆ ತಂದರು. ಯಾರೋ ರಾತ್ರಿ ಊಟದ ಹೊತ್ತಿಗೆ ನೋಡಿದ ಧಾರಾವಾಹಿ ಇವತ್ತು ಜಗತ್ತಿನ ಮೂಲೆ ಮೂಲೆಯಲ್ಲಿ ಧರ್ಮಶಾಸ್ತ್ರ. 2000ದಲ್ಲಿ ಅದೇ ಕಾರ್ಲ್ಸನ್‌ರ ಶಿಷ್ಯರಲ್ಲಿ ಘಟಾನುಘಟಿಗಳೇ ಹೊರಟು ಬ್ರೆಜಿಲಿಯನ್ ಟಾಪ್ ಟೀಮ್ ಕಟ್ಟಿದರು. ಮುಂದೆ ಅದರಿಂದಲೂ ಕೆಲವರು ಹೊರಟು ಅಮೆರಿಕದಲ್ಲಿ ಇನ್ನೊಂದು ಟೀಮ್ ಕಟ್ಟಿದರು. ಗುರುವೇ ಬಿಟ್ಟು ಹೊರಟರೆ ಅದು ಹೊಸ ಟೀಮು, ಶಿಷ್ಯ ಬಿಟ್ಟು ಹೊರಟರೆ ಅದು ದ್ರೋಹ. ಇನ್ನೂ ಹಿಂದಕ್ಕೆ ಹೋದರೆ 1955. ಕಾರ್ಲೋಸ್ ಗ್ರೇಸಿಯ ತಮ್ಮ ಹೇಲಿಯೋ ಗ್ರೇಸಿಗೂ ಅವರ ಹಳೆಯ ಶಿಷ್ಯ ವಾಲ್ಡೆಮಾರ್ ಸಂತಾನಾಗೂ ಕಾಳಗ. ಮೂರೂವರೆ ಗಂಟೆಗೂ ಮೀರಿ ನಡೆಯಿತು, ಗೆದ್ದವನು ಶಿಷ್ಯ. ಇವತ್ತು ಅದಕ್ಕೆಲ್ಲ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದರೆ ಆಯಿತು. ಕಾಲ ಸುಧಾರಿಸಿದೆ.

ಈ ಕಾಟಕ್ಕೆ ಬೇಸತ್ತವರು ಬಿಜೆಜೆ (ಬ್ರೆಜಿಲಿಯನ್ ಜಿಯು-ಜಿತ್ಸು) ಗ್ಲೋಬ್‌ಟ್ರಾಟರ್ಸ್ ಅಂತ ಒಂದು ಬಳಗ ಕಟ್ಟಿದ್ದಾರೆ. ಟೀಮಿನ ಶುಲ್ಕ ಇಲ್ಲ, ಗೀ ಮೇಲೆ ಟೀಮಿನ ಚಿತ್ರದ ಪ್ಯಾಚು ಹೊಲಿಸುವ ಕಡ್ಡಾಯ ಇಲ್ಲ, ಯಾರ ಜೊತೆ ಬೇಕಾದರೂ ಆಡಿ ಅನ್ನುತ್ತಾರೆ. ಪುಣ್ಯದ ಕೆಲಸ. ಆದರೆ ಯಾರ ಜೊತೆ ಬೇಕಾದರೂ ಆಡಬಹುದು ಅಂತ ಹೇಳುವುದಕ್ಕೂ ಒಂದು ಬಳಗ ಬೇಕಾಯಿತಲ್ಲ!

ಕ್ಲಾಸಿನ ಕೊನೆಗೆ ಫೋಟೋ. ಅತಿಥಿ ನಡುವೆ ಕೂರಬೇಕು. ಈಗ ಮಾತ್ರ ನನ್ನನ್ನು ಕೊನೆಯಿಂದ ಎಬ್ಬಿಸಿ ಮುಂದಕ್ಕೆ ತಂದರು. ಎಲ್ಲರೂ ಹೆಬ್ಬೆರಳು, ಕಿರುಬೆರಳು ಚಾಚಿ ಕೈ ಎತ್ತಿದರು. ನಾನು ತೋಳದ ಅಂಗಿಯಲ್ಲಿ ನಗುತ್ತಿದ್ದೇನೆ. ಅರ್ಧ ಗಂಟೆಯಲ್ಲಿ ಫೋಟೋ ಇನ್‌ಸ್ಟಾಗ್ರಾಮಿಗೆ ಏರಿತು.

ಆ ರಾತ್ರಿ ರೂಮಿನ ಬಚ್ಚಲಲ್ಲಿ ಗೀ ಒಗೆದು ನೇತು ಹಾಕಿದೆ. ಒದ್ದೆ ಗೀ ಎಷ್ಟು ಭಾರ ಅನ್ನುವುದು ಒಗೆದವನಿಗೇ ಗೊತ್ತು. ಬೆಳಗಿನವರೆಗೂ ತೊಟ್ಟಿಕ್ಕಿತು. ಪ್ಯಾಂಟು ಹೇಗೋ ಒಣಗಿತ್ತು, ಕಾಲರು ಮಾತ್ರ ಹಾಗೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದೆ. ಮೇಲೆ ನನ್ನ ನೀಲಿ ಗೀ ಇಟ್ಟೆ. ಒಂದು ಸಲವೂ ಮಡಿಕೆ ಬಿಚ್ಚದೆ ಊರು ನೋಡಿಕೊಂಡು ಬಂತು ಅದು.

ಮನೆಗೆ ಬಂದು ಕ್ಲಾಸಿಗೆ ಹೋದರೆ ನಮ್ಮ ಗುರುಗಳು ನಗುನಗುತ್ತಲೇ ಕೇಳಿದರು. "ಫೋಟೋ ನೋಡಿದೆ. ಚೆನ್ನಾಗಿದೆ. ಆ ತೋಳ ಯಾರದು?"

"ಅವರ ಗೀನೇ ಹಾಕಬೇಕು ಅಂದ್ರು ಸರ್."

"ಹೌದಾ? ಏನು ಜನಾನೋ! ಕಳೆ ಆ ಪ್ಯಾಚು. ಇಲ್ಲಿ ನಮ್ಮದು ಮಾತ್ರ."

ಎರಡು ಸಂಜೆ ಬ್ಲೇಡು ಹಿಡಿದು ಕೂತೆ. ಹೊಲಿಗೆ ಗಟ್ಟಿ, ಕಿತ್ತಷ್ಟೂ ದಾರ. ತೋಳ ಬಂತು, ಮರಿಯೂ ಬಂತು. ಬಟ್ಟೆಯಲ್ಲಿ ಸೂಜಿಯ ತೂತುಗಳು ಮಾತ್ರ ಸಾಲಾಗಿ ಉಳಿದವು. ಬೆಳಕಿಗೆ ಹಿಡಿದರೆ ಈಗಲೂ ತೋಳ ಕಾಣುತ್ತದೆ. ಅದರ ಮೇಲೆ ನಮ್ಮ ಅಕಾಡೆಮಿಯ ಪ್ಯಾಚು ಹೊಲಿಸಿದೆ. ದುಡ್ಡು ಕೊಟ್ಟೇ.

ಮುಂದಿನ ವಾರ ನಮ್ಮಲ್ಲಿಗೊಬ್ಬ ಬಂದ. ಪರ ಊರಿನವನು, ನೀಲಿ ಬೆಲ್ಟು, ಬೆನ್ನ ಮೇಲೆ ಬ್ಯಾಗು. ಬಾಗಿಲಲ್ಲಿ ಫಾರ್ಮು ತುಂಬಿ, ಗೀ ಕೊಂಡು, ಕೊನೆಯಲ್ಲಿ ಹೋಗಿ ನಿಂತ. ಮೊದಲ ರೌಂಡಿಗೆ ಗುರುಗಳು ಅವನನ್ನು ನನ್ನ ಮುಂದೆ ಕೂರಿಸಿ ಒಂದು ಸಲ ಹುಬ್ಬು ಹಾರಿಸಿದರು. ನಾನು ಕೈ ತಟ್ಟಿದೆ, ಮುಷ್ಟಿ ತಾಗಿಸಿದೆ.

"ಸುಮ್ನೆ ಲೈಟಾಗಿ ಆಡೋಣ," ಅಂದೆ.